ಭಾವನಿಗೆ ಕೇಳಿದ ಮಾತು

ಹೋದ ಚಳಿಗಾಲದಲ್ಲಿ ಗಜೇಂದ್ರಗಡದ ಬೀಗರ ಮನೆಗೆ ಹೋಗಿ ತಿರುಗಿ ಬರುತ್ತಿದ್ದೆ. ನರೇಗಲ್ ಇನ್ನೇನು ಬಂತು ಎನ್ನುವಾಗ ಬಸ್ಸು ಕೆಟ್ಟು ನಿಂತಿತು. ಡ್ರೈವರ್ ಒಂದು ಕಡೆ, ಕಂಡಕ್ಟರ್ ಒಂದು ಕಡೆ ಬೀಡಿ ಹಚ್ಚಿಕೊಂಡು ಕುಳಿತ ಮೇಲೆ ನಾವು ಹೆಂಗಸರೂ ಕೆಳಗಿಳಿದೆವು. ಪಕ್ಕದ ಎರೆಹೊಲದಲ್ಲಿ ಒಂದು ಮನೆಯವರು ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಟ್ಟು ಬಡಿಯುತ್ತಿದ್ದರು. ಹಸಿರು ಕಾಳು ಸುಟ್ಟ ವಾಸನೆ ಗಾಳಿಗೆ ಬಂತು. "ಬರ್ರಿ ಆಯಿ, ಸೀತನಿ ತಿನ್ನಾಕ ಬರ್ರಿ" ಎಂದು ಆ ಮನೆಯ ಸೊಸೆ ಕರೆದಳು. ಬೊಗಸೆಯೊಡ್ಡಿದೆ. ಬಿಸಿ ಕಾಳು ಬಿತ್ತು. ತಿನ್ನಲಿಕ್ಕೆ ಮಾತ್ರ ಆಗಲಿಲ್ಲ. ಸೀತನಿಗೆ ಬರುತ್ತೇನೆಂದು ಹೇಳಿ ಹೋದ ಒಬ್ಬ ಮನುಷ್ಯನ ನೆನಪಾಗಿತ್ತು.

ಅದು ಕರ್ನಾಟಕ ಒಂದಾಗುವುದಕ್ಕೆ ಮೊದಲಿನ ಮಾತು. ನಾವಿನ್ನೂ ಮುಂಬೈ ಸರಕಾರದಲ್ಲಿದ್ದೆವು. ನನ್ನ ತವರು ಮಲಪ್ರಭೆಯ ದಂಡೆಯ ಮೆಣಸಗಿ. ಕೊಟ್ಟದ್ದು ರೋಣಕ್ಕೂ ನರೇಗಲ್ಲಿಗೂ ನಡುವಿನ ಒಂದು ಸಣ್ಣ ಊರಿಗೆ. ಹೊಳೆಯ ನೀರು ಕುಡಿದು ಬೆಳೆದವಳಿಗೆ ಆ ಊರಿನ ಸವುಳು ನೀರು ಬಾಯಿಗೆ ಹತ್ತುತ್ತಿರಲಿಲ್ಲ, ಅದಕ್ಕೇ ಮೊದಲ ವರ್ಷವೆಲ್ಲ ಸಿಟ್ಟಿನಲ್ಲೇ ಕಳೆದೆ. ಮನೆಯಲ್ಲಿ ಅತ್ತೆ ಗಂಗವ್ವ, ನನ್ನ ಗಂಡ, ನಾನು. ಗಂಡನ ಹೆಸರು ಹೇಳುವ ರೂಢಿ ನಮಗಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವುದೂ ಬೇಡ. ಅವರಿಗೊಬ್ಬ ಅಣ್ಣನಿದ್ದರು, ಹನುಮಪ್ಪ ಎಂದು. ಅವರು ಜೈಲಿನಲ್ಲಿದ್ದರು.

ನಾನು ಆ ಮನೆಗೆ ಕಾಲಿಡುವ ಮೊದಲೇ ನಡೆದದ್ದು. ಒಂದು ಮಳೆಗಾಲ ಒಡ್ಡು ಒಡೆದು ನಮ್ಮ ಹೊಲದ ನೀರು ಪಕ್ಕದ ಮಲ್ಲಪ್ಪನ ಬಿತ್ತಿದ ಹೊಲಕ್ಕೆ ನುಗ್ಗಿತಂತೆ. ಇಬ್ಬರೂ ಮಳೆಯಲ್ಲಿ ಸಲಿಕೆ ಹಿಡಿದು ನಿಂತಿದ್ದರಂತೆ. ಮಾತಿಗೆ ಮಾತು ಬೆಳೆದು ಭಾವನ ಸಲಿಕೆ ಮೇಲೆದ್ದಿತು. ಮಲ್ಲಪ್ಪನನ್ನು ಮನೆಗೆ ಚಕ್ಕಡಿಯಲ್ಲಿ ತಂದರು, ಜೀವ ಹೋಗಿತ್ತು. ಭಾವ ಓಡಿಹೋಗಲಿಲ್ಲ, ತಾವೇ ಚಾವಡಿಗೆ ಹೋಗಿ ಕುಳಿತಿದ್ದರಂತೆ. ಅವರು ಜೈಲು ಸೇರಿದ ಒಂದೆರಡು ವರ್ಷಕ್ಕೆ ಅವರ ಹೆಂಡತಿ ತವರಿಗೆ ಹೋದಳು, ಅಲ್ಲಿಂದ ನರಗುಂದದ ಕಡೆ ಒಂದು ಮನೆಗೆ ಉಡಿಕಿಯಾದಳು. ನಮ್ಮಲ್ಲಿ ಎರಡನೆಯ ಸಂಬಂಧಕ್ಕೆ ಹಾಗೆನ್ನುತ್ತಾರೆ, ಅದರಲ್ಲಿ ತಪ್ಪು ಹುಡುಕುವಂಥದೇನಿಲ್ಲ. ಅತ್ತೆ ಮಾತ್ರ ಆಕೆಯ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ನಾನು ಆ ಮನೆಗೆ ಬಂದ ಮೊದಲ ವರ್ಷ, ದೀಪಾವಳಿಯ ಹಟ್ಟಿಹಬ್ಬ ಮುಗಿದ ಮೇಲೆ, ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ಇಬ್ಬರು ಗಂಡಸರು ಬಂದು ನಿಂತರು. ನಿಂತವರು ನಿಂತೇ ಇದ್ದರು. ಕೂಗಲಿಲ್ಲ, ಕೆಮ್ಮಲಿಲ್ಲ, ಹೊಸ್ತಿಲು ದಾಟಲಿಲ್ಲ. ಅತ್ತೆ ಹಿತ್ತಲಿನಿಂದ ಬಂದು ನೋಡಿ, ಕೈಯಲ್ಲಿದ್ದ ಕೊಡ ಕೆಳಗೆ ಹಾಕಿ, "ಹನುಮಾ!" ಎಂದು ಚೀರಿದ ಮೇಲೇ ನನಗೆ ಗೊತ್ತಾದದ್ದು, ಸಣಕಲು ದೇಹದ ಆ ಮನುಷ್ಯ ನನ್ನ ಭಾವ ಎಂದು.

ಇನ್ನೊಬ್ಬ ರಾಜೂರಿನ ದ್ಯಾಮಣ್ಣ. ಜೈಲಿನಲ್ಲಿ ಭಾವನ ಜೊತೆ ಒಂದೇ ಬರಾಕಿನಲ್ಲಿದ್ದವನು, ಒಂದೇ ದಿನ ಬಿಡುಗಡೆಯಾದವನು. ಎತ್ತರದ ಆಳು, ನಗುಮುಖ. ಬಾಗಿಲಲ್ಲಿ ಯಾಕೆ ನಿಂತಿರೆಂದು ಅತ್ತೆ ಕೇಳಿದ್ದಕ್ಕೆ ಅವನೇ ಹೇಳಿದ: "ನಮಗ ಯಾರರ ಒಳಗ ಬಾ ಅನ್ನಬೇಕ್ರೆವ್ವಾ. ಕುಂದ್ರಂದ್ರ ಕುಂದ್ರತೀವಿ, ಏಳಂದ್ರ ಏಳತೀವಿ. ಭಾಳ ಶಾಣ್ಯಾ ಎತ್ತು ಅದೀವಿ." ಎಲ್ಲರೂ ನಕ್ಕೆವು. ರಾತ್ರಿ ಊಟಕ್ಕೆ ಕುಳಿತಾಗಲೂ ಅವನದೇ ಮಾತು. ಜೈಲಿನ ಬೇಳೆ ಎಷ್ಟು ತಿಳಿ ಎಂದರೆ ಅದರಲ್ಲಿ ಮಾರಿ ನೋಡಿಕೊಂಡು ಮೀಸೆ ತೀಡಬಹುದಿತ್ತು ಎಂದ. ನನ್ನ ಗಂಡ ನಗುತ್ತ ನಗುತ್ತ ನೆತ್ತಿಗೇರಿಸಿಕೊಂಡರು. ಬೆಳಿಗ್ಗೆ ಹೊರಡುವಾಗ ಅತ್ತೆಯ ಕಾಲಿಗೆ ಬಿದ್ದು, "ಸೀತನಿಗೆ ಬರ್ತೀನ್ರೆವ್ವಾ, ನಿಮ್ಮ ಹೊಲದ ಸೀತನಿ ತಿಂದ ಹೋಗಾಂವ ನಾ" ಎಂದು ಹೇಳಿದ. ಭಾವ ಊರ ಅಗಸಿಯವರೆಗೆ ಹೋಗಿ ಕಳಿಸಿ ಬಂದರು.

ಆಮೇಲಿನದನ್ನು ಹೇಳುವಾಗ ಅತ್ತೆಯನ್ನು ಬಯ್ಯಲಾರೆ. ಆಕೆ ಮಾಡಿದ್ದೆಲ್ಲ ಅಕ್ಕರೆಯಿಂದಲೇ. ಬೀಗರು ಬಂದಾಗ ಮಾತ್ರ ಕೆಳಗಿಳಿಸುತ್ತಿದ್ದ ಕಂಚಿನ ಗಂಗಾಳವನ್ನು ಮಗನಿಗೆಂದು ತಿಕ್ಕಿಸಿದಳು. ಮಣೆ ಹಾಕಿಸಿದಳು. ಮೊದಲ ರೊಟ್ಟಿ, ಮೇಲಿನ ಕೆನೆ, ಬಿಸಿನೀರು, ಎಲ್ಲ ಭಾವನಿಗೆ. ಅವರು ಚರಿಗೆಗೆ ಕೈ ಹಾಕಿದರೆ ಕಸಿದುಕೊಂಡು ತಾನೇ ನೀರು ಹಾಕುತ್ತಿದ್ದಳು. "ಭಾಳ ದಣದೀಯಪಾ. ಕುಂದ್ರು." ಎತ್ತಿಗೆ ಮೇವು ಹಾಕಲು ಎದ್ದರೆ ನನ್ನ ಗಂಡ ಓಡಿಬಂದು, "ನೀ ಯಾಕ ಅಣ್ಣಾ, ನಾ ಇಲ್ಲೇನು?" ಎನ್ನುತ್ತಿದ್ದರು. ಭಾವ ಕುಳಿತುಬಿಡುತ್ತಿದ್ದರು. ಕೂಡು ಎಂದರೆ ಕೂಡುವುದು ಅವರಿಗೆ ಎಷ್ಟು ರೂಢಿಯಾಗಿತ್ತೆಂದು ದ್ಯಾಮಣ್ಣ ಹೇಳಿದ್ದನಲ್ಲ.

ಊರಿನವರೂ ಕೆಟ್ಟವರಲ್ಲ. ಎದುರಾದರೆ "ಆರಾಮೇನಪಾ ಹನುಮಪ್ಪ" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಆದರೆ ನಮ್ಮ ಕಡೆ ಹೊಲದ ಕೆಲಸ ನಡೆಯುವುದು ಮುಯ್ಯಿಯ ಮೇಲೆ. ಇವತ್ತು ನಮ್ಮವರು ನಿಮ್ಮ ಹೊಲಕ್ಕೆ, ನಾಳೆ ನಿಮ್ಮವರು ನಮ್ಮ ಹೊಲಕ್ಕೆ. ಕೂಲಿಯಿಲ್ಲ, ಮಧ್ಯಾಹ್ನದ ಬುತ್ತಿ ಅಷ್ಟೇ. ಯಾರನ್ನು ಮುಯ್ಯಿಗೆ ಕರೆಯುತ್ತಾರೋ ಅವರು ಊರಿನಲ್ಲಿ ಇದ್ದಾರೆಂದು ಲೆಕ್ಕ. ಕರೆಯಲು ಬಂದವರು ಕಟ್ಟೆಯ ಮೇಲೆ ಕುಳಿತ ಭಾವನನ್ನು ದಾಟಿ ಒಳಗೆ ಇಣುಕಿ, "ತಮ್ಮ ಬಂದ್ರ ಸಾಕ್ರಿ" ಎಂದು ಹೇಳಿ ಹೋಗುತ್ತಿದ್ದರು. ಮಲ್ಲಪ್ಪನ ಹೆಂಡತಿ ಸಂಗವ್ವ ಮೊದಲು ಬಾವಿಗೆ ನಮ್ಮ ಓಣಿಯಲ್ಲೇ ಹಾಯುತ್ತಿದ್ದವಳು, ಈಗ ಕೊಡ ಹೊತ್ತು ಊರು ಸುತ್ತು ಹಾಕಿ ಹೋಗತೊಡಗಿದಳು. ಭಾವ ಕಟ್ಟೆಯಿಂದ ಆ ಸುತ್ತು ಹಾದಿಯ ಕಡೆ ನೋಡುತ್ತ ಕೂಡುತ್ತಿದ್ದರು.

ನನಗೆ ಇದೆಲ್ಲ ಕಾಣುತ್ತಿತ್ತು, ಹೇಳುವ ಹಾಗಿರಲಿಲ್ಲ. ತಮ್ಮನ ಹೆಂಡತಿ ಭಾವನ ಎದುರಿಗೆ ಮಾತಾಡುವುದು ನಮ್ಮಲ್ಲಿ ಇಲ್ಲ. ಅವರು ಒಳಗೆ ಬರುವಾಗ ಕೆಮ್ಮಬೇಕು, ನಾನು ಸೆರಗು ಮುಂದಕ್ಕೆಳೆದು ಗೋಡೆಗೆ ಸರಿಯಬೇಕು. ಏನಾದರೂ ಬೇಕಾದರೆ ಅತ್ತೆಯ ಮೂಲಕ. ಒಂದೇ ಮನೆಯಲ್ಲಿ ಇಬ್ಬರೂ ಹೊಸಬರು, ಇಬ್ಬರಿಗೂ ನಡುವೆ ಸೆರಗು.

ಎಳ್ಳಮವಾಸಿ ಹತ್ತಿರ ಬಂತು. ಜೋಳ ಹಾಲುಗಾಳಾಗಿತ್ತು. ದ್ಯಾಮಣ್ಣ ಬರುತ್ತಾನೆಂದು ಅತ್ತೆ ಬೆಲ್ಲ, ಶೇಂಗಾ ತೆಗೆದಿಟ್ಟಿದ್ದಳು. ಗಜೇಂದ್ರಗಡದ ಬಳೆಗಾರ ಊರೂರು ತಿರುಗುತ್ತ ಬಂದವನು ನಮ್ಮ ಅಂಗಳದಲ್ಲಿ ಮಲಾರ ಇಳಿಸಿ, ನನ್ನ ಕೈಗೆ ಬಳೆ ಏರಿಸುತ್ತ ರಾಜೂರಿನ ಸುದ್ದಿ ಹೇಳಿದ. ಜೈಲಿನಿಂದ ಬಂದಿದ್ದ ಎತ್ತರದ ಆಳೊಬ್ಬ ತನ್ನ ಕೈಯಾರೆ ಜೀವ ಕಳೆದುಕೊಂಡನಂತೆ. ಹೆಸರು ದ್ಯಾಮಣ್ಣ. ಬಳೆ ಮುಂಗೈಯಲ್ಲೇ ಒಡೆಯಿತು.

ಕಟ್ಟೆಯ ಮೇಲಿದ್ದ ಭಾವ ಒಂದೇ ಮಾತು ಕೇಳಿದರು: "ಹೊಲದಾಗ ಅವಂಗ ಕೆಲಸಾ ಹಚ್ಚಿದ್ರೇನು?"

"ಛೇ ಛೇ, ಏನ್ ಕೇಳ್ತೀರಿ! ಅವನ ತಮ್ಮ ಯಲ್ಲಪ್ಪ ದೇವರಂಥಾ ಮನಶ್ಯಾ. ಒಂದ ಕಡ್ಡಿ ಎತ್ತಗೊಟ್ಟಿದ್ದಿಲ್ಲ ಅಣ್ಣಗ. ಕುಂತಲ್ಲೆ ಊಟ. ಏನ್ ಕಡಿಮಿ ಆಗಿತ್ತೋ ಯಾಂಬಲ್ಲ" ಎಂದ ಬಳೆಗಾರ.

ಭಾವ ಹೌದೌದೆಂದು ತಲೆಯಾಡಿಸಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಅಂಜಿಕೆ ಹೊಕ್ಕಿತು. ಅತ್ತೆ ಹಗ್ಗ, ಕುಡುಗೋಲು ಎಲ್ಲ ಪಕ್ಕದ ಮನೆಯಲ್ಲಿ ಇಟ್ಟು ಬಂದಳು. ಮಠಕ್ಕೆ ಹೋಗಿ ಅಯ್ಯನವರಿಂದ ದಾರ ಕಟ್ಟಿಸಿದಳು. ನನ್ನ ಗಂಡ ಬಾಗಿಲಿಗೆ ಅಡ್ಡ ಮಲಗತೊಡಗಿದರು. ಆದರೆ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ನಾನು ಒಮ್ಮೆ, "ಅತ್ತೀ, ಭಾವಾರನ್ನ ಕೇಳಿಬಿಡ್ರಿ" ಎಂದದ್ದಕ್ಕೆ ನನ್ನ ಬಾಯಿಯ ಮೇಲೆ ಕೈಯಿಟ್ಟು, "ಅಂಥಾದ್ದ ಬಾಯಾಗ ತರಬಾರದು. ಆಡಿದ್ರ ಆಕ್ಕೈತಿ" ಎಂದಳು. ಎಲ್ಲ ಮನೆಗಳಲ್ಲೂ ಹೀಗೇ ನಂಬುತ್ತಾರೆ. ಅಶುಭದ ಹೆಸರು ಹೇಳಿದರೆ ಅದು ಮನೆಯ ವಿಳಾಸ ಹಿಡಿದು ಬರುತ್ತದೆಯೆಂದು. ಹಗ್ಗ ಗೂಟದಲ್ಲಿಲ್ಲವೆಂದು, ಅಂಗಳದಲ್ಲಿ ಮಲಗುತ್ತಿದ್ದ ತಮ್ಮ ಈಗ ಬಾಗಿಲಲ್ಲಿ ಮಲಗುತ್ತಾನೆಂದು ಭಾವನಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು.

ಆಮೇಲೆ ಇದ್ದಕ್ಕಿದ್ದಂತೆ ಭಾವ ಚಲೋ ಆದರು. ಕೇಳಿ ಇಸಿದುಕೊಂಡು ಎರಡು ರೊಟ್ಟಿ ಹೆಚ್ಚು ಉಂಡರು. ಎತ್ತು ಮೇಯುವ ಮುರಿದ ಗ್ವಾದಲಿ ಸರಿಮಾಡಿದರು, ಯಾರೂ ಬೇಡವೆನ್ನುವ ಮೊದಲೇ. ಜೈಲಿನಿಂದ ತಂದ ಒಂದೇ ಒಂದು ಕಂಬಳಿಯನ್ನು ತಮ್ಮನ ಹಾಸಿಗೆಯ ಮೇಲೆ ಇಟ್ಟರು. ಅತ್ತೆಯ ಕಾಲು ಒತ್ತುತ್ತ ಕುಳಿತು ಸಣ್ಣಂದಿನ ಮಾತಾಡಿದರು. ಅತ್ತೆಗೆ ಹಿಗ್ಗೋ ಹಿಗ್ಗು. ಅಯ್ಯನವರ ದಾರ ಕೆಲಸ ಮಾಡಿತೆಂದು ಊದುಬತ್ತಿ ಹಚ್ಚಿದಳು.

ನನಗೆ ಮಾತ್ರ ಹಿಗ್ಗಲಾಗಲಿಲ್ಲ. ಮೆಣಸಗಿಯಲ್ಲಿ ಹೊಳೆ ಊರೊಳಗೆ ಬಂದುಹೋದ ವರ್ಷ ನನ್ನ ಚಿಗವ್ವ ಹೀಗೇ ಚಲೋ ಆಗಿದ್ದಳು. ಹೊಳೆಗೆ ಮಗು ಕೊಟ್ಟು ಅತ್ತೂ ಅತ್ತೂ ಬತ್ತಿದ್ದವಳು ಒಂದು ದಿನ ಕಣ್ಣೊರೆಸಿಕೊಂಡು ಎದ್ದು, ಮನೆಯ ಕೌದಿಗಳನ್ನೆಲ್ಲ ಒಗೆದು ಹಾಕಿ, ತನ್ನ ಚಲೋ ಸೀರೆಯನ್ನು ನನಗೆ ಕೊಟ್ಟಿದ್ದಳು. ನಾವು ಖುಷಿಪಟ್ಟಿದ್ದೆವು. ಆ ವಾರ ದಾಟಲಿಲ್ಲ ಆಕೆ.

ಎಳ್ಳಮವಾಸಿಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಅಡಿಗೆಯ ಚರಗ ಚೆಲ್ಲಬೇಕು. ಹೊತ್ತು ಹುಟ್ಟುವ ಮೊದಲೇ ಎದ್ದು ಸಜ್ಜೆ ರೊಟ್ಟಿ, ಕಡಬು, ಎಣಗಾಯಿ, ಮೊಸರು ಬುತ್ತಿ ಮಾಡಿ ಬುಟ್ಟಿಗೆ ತುಂಬಿದೆವು. ಚಕ್ಕಡಿಗೆ ಎತ್ತು ಹೂಡಿಯಾದ ಮೇಲೆ ಭಾವ, "ನೀವು ಮುಂದ ನಡೀರಿ, ನಾ ಜಳಕಾ ಮಾಡಿ ಹಿಂದ ಬರ್ತೀನಿ" ಎಂದರು. ದನಿ ಎಷ್ಟು ಸಹಜವಾಗಿತ್ತೆಂದರೆ ಅತ್ತೆ, ನನ್ನ ಗಂಡ ಇಬ್ಬರೂ ಹೂಂ ಎಂದುಬಿಟ್ಟರು. ನಾನು ಬುತ್ತಿಯ ಬುಟ್ಟಿಯನ್ನು ಬೇಕೆಂದೇ ಒಲೆಯ ಹಿಂದೆ ಬಿಟ್ಟು ಚಕ್ಕಡಿ ಹತ್ತಿದೆ. ಊರು ದಾಟುತ್ತಲೇ, "ಅಯ್ಯ, ಬುತ್ತಿ ಮರತೆ" ಎಂದು ಕೆಳಗೆ ಹಾರಿದೆ. ಮರೆಗುಳಿ ಸೊಸೆಯೆಂದು ಅತ್ತೆ ಹಿಂದಿನಿಂದ ಬೈಯುತ್ತಿದ್ದುದು ಕೇಳಿಸಿತು. ಓಡಿದೆ.

ಭಾವ ಸ್ನಾನ ಮಾಡಿ ಮಡಿಧೋತರ ಉಟ್ಟು ಪಡಸಾಲೆಯಲ್ಲಿ ನಿಂತಿದ್ದರು. ಮನೆಯಲ್ಲಿ ಉಳಿದಿದ್ದ ಆಕಳಿನ ಮುಂದೆ ನಾಲ್ಕು ದಿನಕ್ಕಾಗುವಷ್ಟು ಕಣಿಕೆ ಬಿದ್ದಿತ್ತು. ನನ್ನನ್ನು ನೋಡಿ ರೂಢಿಯಂತೆ ಮುಖ ಆಚೆ ತಿರುಗಿಸಿದರು. ನಾನು ಸೆರಗು ಹಿಂದಕ್ಕೆ ಸರಿಸಿದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

"ಭಾವಾರ, ನೀವು ಸಾಯಾಕ ಹೊಂಟೀರೇನ್ರಿ?"

ಅವರು ತಿರುಗಿ ನನ್ನನ್ನು ನೋಡಿದರು. ನಾನು ಆ ಮನೆಯಲ್ಲಿದ್ದೇನೆಂದು ಅಂದೇ ಕಂಡವರ ಹಾಗೆ. ಆಮೇಲೆ ಕಂಬಕ್ಕೆ ಬೆನ್ನು ಹಚ್ಚಿ ಮೆಲ್ಲಗೆ ನೆಲಕ್ಕೆ ಕುಳಿತರು.

"ಹೌದವ್ವಾ" ಎಂದರು.

ಅವರು ಇಲ್ಲ ಎನ್ನುತ್ತಾರೆ, ನಾನು ಬೈಸಿಕೊಳ್ಳುತ್ತೇನೆ ಎಂದು ಓಡಿಬಂದಿದ್ದೆ. ಹೌದು ಎಂದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ನಾನೂ ಹೊಸ್ತಿಲಲ್ಲಿ ಕುಳಿತೆ. ಬಾಗಿಲಿಗೆ ಅಡ್ಡವಾಗಿಯೇ ಕುಳಿತೆ. "ಯಾಕ್ರಿ?" ಎಂದೆ.

ಅವರು ಹೇಳಿದರು: "ಅಲ್ಲಿದ್ದಾಗ ಊರಿಗೆ ಹೋದ್ರ ಎಲ್ಲಾ ಸರಿ ಆಕ್ಕೈತಿ ಅಂತಿದ್ದೆ. ಊರಿಗೆ ಬಂದೆ. ಇಲ್ಲೆ ನಂದ ಅನ್ನೂದು ಏನೂ ಇಲ್ಲ. ಹೊಲ ತಮ್ಮ ಮಾಡ್ತಾನ. ಅವ್ವ ನನಗ ಬೀಗರಂಗ ಉಪಚಾರ ಮಾಡ್ತಾಳ. ಬೀಗರು ಎಷ್ಟ ದಿನಾ ಇರತಾರವ್ವಾ? ಎದ್ದು ಹೋಗಬೇಕಲ್ಲ." ಆಮೇಲೆ, "ಆ ಸಂಗವ್ವ ಒಮ್ಮೆ ಬಂದು ಮಾರಿಗೆ ಉಗುಳಿದ್ರ ಚಲೋ ಆಗತಿತ್ತು. ಆಕಿ ಹಾದಿ ಬಿಟ್ಟು ಹೊಕ್ಕಾಳ. ಬೈಯಾಕೂ ಬ್ಯಾಡಾದೆ ನಾ" ಎಂದರು.

ನನಗೆ ಸಿಟ್ಟು ಬೇಗ. ಅಂದು ಅಳುವ ಬದಲು ಸಿಟ್ಟೇ ಬಂತು. "ಬೈಗಳ ಬೇಕಾಗಿದ್ರ ನಾ ಬೈತೀನ್ರಿ. ನೀವು ಬರ್ತೀರಂತ ನಿಮ್ಮವ್ವ ಜೀವಾ ಹಿಡ್ಕೊಂಡು ಕುಂತಿದ್ಲು. ಹಬ್ಬದ ದಿನಾ ಆಕಿಗೆ ಇದನ್ನ ಕೊಡಾಂವರೇನು? ಹೊಲದಾಗ ಎಲ್ಲಾರೂ ಹಸದು ಕುಂತಾರ. ಆ ಬುತ್ತಿ ಬುಟ್ಟಿ ನನಗ ಭಾರ ಆಕ್ಕೈತಿ. ಎತ್ತರಿ."

"ಹೆಣ್ಮಕ್ಕಳು ಹೊರೂ ಬುಟ್ಟಿ ಅದು."

"ಗೊತ್ತೈತ್ರಿ. ಎತ್ತರಿ."

ಜಾಣತನದಿಂದ ಹೇಳಿದ್ದಲ್ಲ. ಅವರನ್ನು ಒಬ್ಬರನ್ನೇ ಬಿಟ್ಟು ಹೋಗಬಾರದು, ಅಷ್ಟೇ ನನಗೆ ಗೊತ್ತಿದ್ದುದು. ಏಳೆಂದರೆ ಏಳುವ ರೂಢಿಯಿತ್ತಲ್ಲ, ಎದ್ದರು. ಮಡಿಧೋತರದ ಗಂಡಾಳು ಚರಗದ ಬುಟ್ಟಿ ತಲೆಯ ಮೇಲೆ ಹೊತ್ತು ಮುಂದೆ, ತಲೆಯ ಮೇಲೆ ಸೆರಗಿಲ್ಲದ ಸೊಸೆ ಹಿಂದೆ. ಊರ ನಡುವೆ ಹಾಗೆ ಹೋದೆವು. ಕಟ್ಟೆಯ ಮೇಲಿದ್ದವರು ಬಾಯಿ ತೆರೆದು ನೋಡಿದರು, ಯಾರೋ ಹುಡುಗಿಯರು ಕಿಸಕ್ಕನೆ ನಕ್ಕರು. ನಗಲಿ ಬಿಡು ಎನಿಸಿತು.

ಹೊಲದಲ್ಲಿ ನಾನು ಯಾವುದನ್ನೂ ಮುಚ್ಚಿಡಲಿಲ್ಲ. ಬನ್ನಿಗಿಡದ ಕೆಳಗೆ ಬುಟ್ಟಿ ಇಳಿಸಿದ ಕೂಡಲೇ ಅತ್ತೆಗೆ, ಗಂಡನಿಗೆ ಕೇಳುವಂತೆ, ಭಾವ ಸಾಯಲು ಹೊರಟಿದ್ದರೆಂದು ಹೇಳಿದೆ. ಅತ್ತೆ ನನ್ನ ಕೆನ್ನೆಗೆ ಒಂದು ಬಾರಿಸಿದಳು. ಹಬ್ಬದ ದಿನ ಅಂಥ ಮಾತೇ ಎಂದು. ನನ್ನ ಗಂಡ ನನ್ನ ಬರಿತಲೆ ನೋಡಿ ಹಲ್ಲು ಕಡಿದರು. ಭಾವ ನಡುವೆ ಬಂದು, "ಆಕಿನ್ನ ಹೊಡೀಬ್ಯಾಡ ಬೇ. ಖರೇ ಐತಿ" ಎಂದರು. ಆಗ ಅತ್ತೆ ಮಗನನ್ನು ತಬ್ಬಿಕೊಂಡು ಜೋಳದ ಸಾಲಿನಲ್ಲೇ ಕುಸಿದಳು. ಇಷ್ಟು ದಿನ ಬಾಯೊಳಗೆ ಒತ್ತಿಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಚರಗ ಚೆಲ್ಲುವುದು ಅಂದು ಬಹಳ ತಡವಾಯಿತು.

ಬುಟ್ಟಿ ಹೊತ್ತದ್ದಕ್ಕೇ ಭಾವ ನೆಟ್ಟಗಾದರೆಂದು ತಿಳಿಯಬೇಡಿ. ಅದು ಅಷ್ಟು ಸು‌ಲಭದ್ದಲ್ಲ. ಗಂಗಾಳ ಮತ್ತೆ ನೆಲುವಿಗೇರಿತು. ಅತ್ತೆ ರೊಟ್ಟಿಯನ್ನು ಕೈಯಲ್ಲೇ ಕೊಟ್ಟು, "ಎತ್ತಿಗಿನ್ನಾ ನೀರ ಕುಡಿಸಿಲ್ಲೇನು, ಏನ ಗೌಡಕಿಯಪಾ ನಿಂದು" ಎಂದು ಬೈಯುವುದನ್ನು ಅಭ್ಯಾಸ ಮಾಡಿಕೊಂಡಳು. ಬೈದು ಒಳಗೆ ಬಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೆಲವು ದಿನ ಭಾವ ಗೋಡೆಗೆ ಮುಖ ಮಾಡಿ ಮಲಗಿದರೆ ಏಳುತ್ತಲೇ ಇರಲಿಲ್ಲ. ನಾನು ದಿನಾ ಬೆಳಿಗ್ಗೆ ಕೇಳುತ್ತಿದ್ದೆ, "ಇವತ್ತ ಹ್ಯಾಂಗರಿ ಭಾವಾರ?" ಎಂದು. "ಇವತ್ತ ಚಲೋ ಇಲ್ಲವ್ವಾ" ಎಂದು ಅವರು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದರು. ಅಂಥ ದಿನ ನಮ್ಮಲ್ಲೊಬ್ಬರು ಹೊಲ ಬಿಟ್ಟು ಅವರ ಬಳಿ ಇರುತ್ತಿದ್ದೆವು.

ಸುಗ್ಗಿ ಬಂತು. ಸಂಗವ್ವನ ಹೊಲದ ಜೋಳ ಒಣಗಿ ನಿಂತಿತ್ತು, ಕೊಯ್ಯಲು ಆಳಿರಲಿಲ್ಲ. ಗಂಡಸಿಲ್ಲದ ಮನೆಗೆ ಮುಯ್ಯಿಗೆ ಬರುವವರು ಕಡಿಮೆ. ಅತ್ತೆ ಧೈರ್ಯ ಮಾಡಿ ನನ್ನನ್ನು ಕರೆದುಕೊಂಡು ಆಕೆಯ ಬಾಗಿಲಿಗೆ ಹೋದಳು. "ನಮ್ಮ ಹನುಮ ಬಂದು ಕೊಯ್ದು ಹಾಕ್ತಾನ. ಮುಯ್ಯಿ ತಿರಗಿ ಕೊಡೂದ ಬ್ಯಾಡ" ಎಂದಳು.

ಸಂಗವ್ವ ಸಣ್ಣ ದನಿಯ ಹೆಂಗಸು. "ನನ್ನ ಹೊಲದಾಗ ಅವ ಕಾಲಿಡಬಾರದು" ಎಂದಳು. ನಾವು ತಿರುಗುವಷ್ಟರಲ್ಲಿ, "ಸಾಯಾಕ ಹೊಂಟಿದ್ನಂತಲ್ಲ, ಖರೇ ಏನು?" ಎಂದು ಕೇಳಿದಳು. ಅತ್ತೆ ತಲೆ ಕೆಳಗೆ ಹಾಕಿದಳು. ಸಂಗವ್ವ ನಮ್ಮನ್ನು ಅಲ್ಲೇ ಬಿಟ್ಟು ಹೊರಬಿದ್ದಳು. ನಾವು ಅವಳ ಹಿಂದೆ ಓಡಿದೆವು. ಸುತ್ತು ಹಾದಿ ಬಿಟ್ಟು ನೆಟ್ಟಗೆ ನಮ್ಮ ಓಣಿಗೆ ಬಂದು ಕಟ್ಟೆಯ ಮುಂದೆ ನಿಂತಳು. ಭಾವ ಎದ್ದು ಕೈಮುಗಿದರು.

"ಕೈ ಇಳಸು" ಎಂದಳು. "ನಿನ್ನ ಕ್ಷಮಾ ಮಾಡಾಕ ಬಂದಿಲ್ಲ ನಾ. ಸತ್ತು ಪಾರಾಗಬೇಕಂತ ಮಾಡಿಯೇನು? ನಾ ಸಾಯೂದು ಬಿಟ್ಟು ಬದುಕ್ತಾ ಇಲ್ಲೇನು? ನೀನೂ ಬದಕಬೇಕು. ನಾ ದಿನಾ ಈ ಹಾದೀಲೆ ನೀರಿಗೆ ಹೋಗ್ತೀನಿ, ನೀ ದಿನಾ ನನ್ನ ಮಾರಿ ನೋಡಬೇಕು."

"ಆತವ್ವಾ" ಎಂದರು ಭಾವ.

ಊರಿನವರು ಆಮೇಲೆ ಇದನ್ನು ಸಂಗವ್ವ ದೊಡ್ಡ ಮನಸ್ಸು ಮಾಡಿದಳೆಂದು ಚೆಂದ ಮಾಡಿ ಹೇಳತೊಡಗಿದರು. ನಾನು ಅಲ್ಲೇ ಇದ್ದೆ. ಆಕೆಯ ಮಾತಿನಲ್ಲಿ ಒಂದು ಹನಿ ಕರುಣೆಯೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೂ ಆ ಊರಿನಲ್ಲಿ ನಮ್ಮ ಮನೆಯ ಹೊರಗೆ, ಈ ಮನುಷ್ಯ ನಾಳೆಯೂ ಇರಬೇಕೆಂದು ಬಾಯಿಬಿಟ್ಟು ಹೇಳಿದವಳು ಆಕೆಯೊಬ್ಬಳೇ. ಮರುದಿನದಿಂದ ಕೊಡ ಹೊತ್ತು ನಮ್ಮ ಓಣಿಯಲ್ಲೇ ಹಾಯ್ದಳು. ಆಕೆ ಹಾಯುವಾಗ ಭಾವ ಎದ್ದು ನಿಲ್ಲುತ್ತಿದ್ದರು. ಅದಾದ ಕೆಲವು ದಿನಕ್ಕೆ ಓಣಿಯ ಕೊನೆಯ ಮನೆಯವರು ಬಂದು, "ಹನುಮಪ್ಪ, ನಾಳಿ ಮುಯ್ಯಿಗೆ ಬರ್ತೀಯೇನು?" ಎಂದು ಅವರನ್ನೇ ಕೇಳಿದರು.

ಹೋಳಿಗೆ ಮೊದಲು ಭಾವ ರಾಜೂರಿಗೆ ಹೋಗಿ ಬರಬೇಕೆಂದರು. ಒಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ. ನನ್ನ ಗಂಡ ಕಣ ಬಿಡುವಂತಿರಲಿಲ್ಲ. "ಊರ ಮಂದಿ ಏನರ ಆಡಕೊಳ್ಳಲಿ, ನೀ ಹೋಗು" ಎಂದು ಅತ್ತೆ ನನ್ನನ್ನೇ ಜೊತೆಗೆ ಕಳಿಸಿದಳು. ಗುಡ್ಡದ ಬಿಸಿಲಿನಲ್ಲಿ ದ್ಯಾಮಣ್ಣನ ಮನೆ ಕೇಳಿಕೊಂಡು ಮುಟ್ಟಿದೆವು. ಅವನ ತಾಯಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ತಮ್ಮ ಯಲ್ಲಪ್ಪ ಕಂಬದ ಬಳಿ ನಿಂತಿದ್ದ. ಗಡ್ಡ ಬೆಳೆದಿತ್ತು, ಅಂಗಿ ಮೈಮೇಲೆ ಜೋತಾಡುತ್ತಿತ್ತು. ನಾವು ಕೂಡುವ ಮೊದಲೇ, "ಅಣ್ಣಗ ಏನೂ ಕಡಿಮಿ ಮಾಡಿದ್ದಿಲ್ರಿ" ಎಂದ. ನೀರು ಕುಡಿಯುವಾಗ ಮತ್ತೆ ಹೇಳಿದ, "ಒಂದ ಕಡ್ಡಿ ಎತ್ತಗೊಟ್ಟಿದ್ದಿಲ್ರಿ" ಎಂದು. ಯಾರೂ ಏನೂ ಕೇಳಿರಲಿಲ್ಲ.

ಮುದುಕಿ ಭಾವನ ಮುಖ ನೋಡಿ, "ನೀನೂ ಅದ ಹಾದಿ ಹಿಡದಿದ್ದೆಂತಲ್ಲಪಾ, ಬಳೆಗಾರ ಹೇಳಿದ. ಯಾರು ತಡದ್ರು?" ಎಂದಳು.

"ಈಕಿ ಕೇಳಿದ್ಲವ್ವಾ."

"ಏನಂತ?"

"ಸಾಯಾಕ ಹೊಂಟೀರೇನು ಅಂತ."

ಮುದುಕಿಯ ಕೈ ಶೇಂಗಾದ ಮೇಲೆ ನಿಂತಿತು. "ನಮ್ಮ ದ್ಯಾಮನ್ನ ಕೇಳಿದ್ರ ಹೇಳತಿದ್ನೇನಪಾ?"

ಇಲ್ಲವೆನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸತ್ತವನಿಗೇನು, ಇದ್ದ ಮುದುಕಿಗಾದರೂ ಒಂದು ಸುಳ್ಳು ಹೇಳಬಾರದೇ?

"ಹೇಳತಿದ್ದ" ಎಂದರು ಭಾವ.

ಮುದುಕಿ ಒಮ್ಮೆ ನರಳಿದಳು. ನಾನು ಕಣ್ಣು ಕೆಂಪಗೆ ಮಾಡಿ ಭಾವನ ಕಡೆ ತಿರುಗಿದೆ. ಅವರು ನನ್ನನ್ನಾಗಲಿ ಆಕೆಯನ್ನಾಗಲಿ ನೋಡುತ್ತಿರಲಿಲ್ಲ. ಕಂಬದ ಬಳಿ ನಿಂತವನನ್ನು ನೋಡುತ್ತಿದ್ದರು.

"ಅವಂದ ಮುಗೀತವ್ವಾ. ಇಂವನ್ನ ಕೇಳು. ಈಗ ಕೇಳು" ಎಂದರು.

ಮುದುಕಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಡಿಲಿನ ಶೇಂಗಾ ಚೆಲ್ಲಿಕೊಂಡು ಎದ್ದಳು. ಮಗನ ಬಳಿ ಹೋಗಿ ಗದ್ದ ಹಿಡಿದು ಮುಖ ಮೇಲೆತ್ತಿದಳು.

"ಯಲ್ಲ್ಯಾ, ನೀನೂ ಸಾಯಬೇಕಂತ ಮಾಡಿಯೇನೋ?"

ಅವನು ಇಲ್ಲ ಎನ್ನಲಿಲ್ಲ. ನಾವು ಆ ದಿನ ರಾಜೂರು ಬಿಡಲಿಲ್ಲ.